ಪ್ರೋಗ್ ರಾಕ್ ನುಡಿಸಲು ಹೊರಟ ಡ್ರಮ್ಮರ್ ಹಾಡು ಆರಿಸುವುದು ಹೇಗೆ?

ಡ್ರಮ್ಸ್ ಕಲಿಯುವವರಿಗೆ ಒಂದಲ್ಲ ಒಂದು ದಿನ ಈ ಮಾತು ಬಂದೇ ಬರುತ್ತದೆ: "ಅರ್ಧ ಗಂಟೆ ನುಡಿಸಬೇಕು, ಹಾಡು ನೀನೇ ಆರಿಸಿಕೊಂಡು ಬಾ." ಅದು ಸಂಗೀತ ಕಾಲೇಜಿನ ವರ್ಷದ ಕೊನೆಯ ಕಾರ್ಯಕ್ರಮ ಇರಬಹುದು, ಪರೀಕ್ಷೆಯೂ ಇರಬಹುದು. ರಾಕ್‌ಸ್ಕೂಲ್, ಟ್ರಿನಿಟಿಯಂಥ ಸಂಸ್ಥೆಗಳ ಗ್ರೇಡ್ ಪರೀಕ್ಷೆಗಳಲ್ಲೂ ಅವರ ಪುಸ್ತಕದಲ್ಲಿ ಇಲ್ಲದ ಹಾಡು ತರಲು ಅವಕಾಶ ಇದೆ. ಆ ಗ್ರೇಡಿನ ಮಟ್ಟಕ್ಕೆ ಹೊಂದಬೇಕು, ಅಷ್ಟೇ. ಹೀಗೆ ಆಯ್ಕೆ ಕೈಗೆ ಸಿಕ್ಕ ಕೂಡಲೇ ಎಷ್ಟೋ ಜನ ಪ್ರೋಗ್ರೆಸಿವ್ ರಾಕ್ ಕಡೆ ವಾಲುತ್ತಾರೆ. ಎಲ್ಲರೂ ಕರೆಯುವ ಹಾಗೆ ಇಲ್ಲೂ ಅದನ್ನು ಪ್ರೋಗ್ ಅನ್ನೋಣ. ಡ್ರಮ್ಮರ್‌ಗೆ ಇಷ್ಟೊಂದು ಕೆಲಸ ಕೊಡುವ ರಾಕ್ ಸಂಗೀತ ಕಡಿಮೆ.

ತೊಡಕೂ ಅಲ್ಲೇ ಇದೆ. ಪ್ರೋಗ್‌ನಲ್ಲಿ ಮೂರೂವರೆ ನಿಮಿಷದ ಹಾಡೂ ಇದೆ, ನಲವತ್ತು ನಿಮಿಷ ದಾಟುವ ಹಾಡೂ ಇದೆ. ಕೇಳಲು ಸಲೀಸು ಅನ್ನಿಸಿದ್ದು ಡ್ರಮ್ ಕಿಟ್ ಮುಂದೆ ಕೂತಾಗ ಬೆವರಿಳಿಸುತ್ತದೆ. ಭಯಂಕರ ಅನ್ನಿಸಿದ್ದು ಕೆಲವೇ ದಿನದಲ್ಲಿ ಕೈಗೆ ಹತ್ತುತ್ತದೆ. ಆರಿಸುವ ವಿದ್ಯಾರ್ಥಿಗೂ, ಜತೆಗೆ ನುಡಿಸುವ ಗೆಳೆಯರಿಗೂ, ಮುಂದೆ ಕೂತು ಕೇಳುವ ಅಪ್ಪ ಅಮ್ಮನಿಗೂ ಒಳಗೆ ಏನು ನಡೆಯುತ್ತಿದೆ ಅಂತ ಸ್ವಲ್ಪ ತಿಳಿದಿರಲಿ ಅಂತ ಈ ಬರಹ.

ಪ್ರೋಗ್ ಅಂದರೆ ಏನು?

1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಕೆಲವು ರಾಕ್ ಬ್ಯಾಂಡ್‌ಗಳಿಗೆ ಮೂರು ನಿಮಿಷದ ಹಾಡು ಸಾಲದಾಯಿತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಿಂದ ಹಲವು ಭಾಗಗಳ ದೊಡ್ಡ ರಚನೆಯನ್ನು, ಜಾಝ್‌ನಿಂದ ತಾಳದ ಆಟವನ್ನು ತಂದು ರಾಕ್‌ಗೆ ಸೇರಿಸಿದರು. ಕಿಂಗ್ ಕ್ರಿಮ್ಸನ್ ಬ್ಯಾಂಡ್‌ನ ಮೊದಲ ಆಲ್ಬಂ ಬಂದದ್ದು 1969ರಲ್ಲಿ. ಪ್ರೋಗ್ ಎಲ್ಲಿಂದ ಶುರು ಅಂತ ಕೇಳಿದರೆ ಬಹಳ ಮಂದಿ ಅದನ್ನೇ ತೋರಿಸುತ್ತಾರೆ. ಆಮೇಲೆ ಯೆಸ್, ಜೆನೆಸಿಸ್, ಜೆಥ್ರೊ ಟಲ್, ಎಮರ್ಸನ್ ಲೇಕ್ ಆ್ಯಂಡ್ ಪಾಮರ್, ಪಿಂಕ್ ಫ್ಲಾಯ್ಡ್. ಕೆನಡಾದಿಂದ ರಷ್. ಇನ್ನೂ ಈಚೆಗೆ ಅಮೆರಿಕದ ಡ್ರೀಮ್ ಥಿಯೇಟರ್ ಮತ್ತು ಟೂಲ್, ಬ್ರಿಟನ್ನಿನ ಪೊರ್ಕುಪೈನ್ ಟ್ರೀ.

ಸಾಮಾನ್ಯ ರಾಕ್ ಹಾಡಿನಲ್ಲಿ ಡ್ರಮ್ಮರ್ ಲಯ ಹಿಡಿದು ಕೂರುತ್ತಾರೆ, ಉಳಿದವರು ಅದರ ಮೇಲೆ ಓಡಾಡುತ್ತಾರೆ. ಪ್ರೋಗ್‌ನಲ್ಲಿ ಡ್ರಮ್ಸ್‌ಗೂ ಗಿಟಾರ್‌ನಷ್ಟೇ ಎಚ್ಚರದಿಂದ ಹೆಣೆದ ಪಾತ್ರ ಇರುತ್ತದೆ. ಯಾವ ಟಾಮ್ (ಕಿಟ್‌ನಲ್ಲಿರುವ ಬೇರೆ ಬೇರೆ ಶ್ರುತಿಯ ಡ್ರಮ್) ಮೇಲೆ ಯಾವ ಪೆಟ್ಟು ಅನ್ನುವುದು ಹಾಡಿನ ಭಾಗವೇ. ರಷ್ ಬ್ಯಾಂಡ್‌ನ ನೀಲ್ ಪಿಯರ್ಟ್ ನುಡಿಸಿದ ಫಿಲ್‌ಗಳು, ಅಂದರೆ ಎರಡು ಸಾಲಿನ ನಡುವೆ ತುಂಬುವ ಪುಟ್ಟ ಪೆಟ್ಟಿನ ಓಟಗಳು, ಅಭಿಮಾನಿಗಳಿಗೆ ಬಾಯಿಪಾಠ. ಒಂದನ್ನು ಬಿಟ್ಟರೂ ಸಭೆಯಲ್ಲಿ ಯಾರೋ ಒಬ್ಬರಿಗೆ ಗೊತ್ತಾಗುತ್ತದೆ.

ಏಳು ಎಣಿಸುವ ಕಷ್ಟ

ಪ್ರೋಗ್ ಅಂದ ಕೂಡಲೇ ಬರುವ ಮಾತು ಟೈಮ್ ಸಿಗ್ನೇಚರ್. ಸ್ವರಲಿಪಿಯ ಶುರುವಿನಲ್ಲಿ ಒಂದರ ಕೆಳಗೊಂದು ಬರೆಯುವ ಎರಡು ಅಂಕಿ ಅದು. ಮೇಲಿನ ಅಂಕಿ ಒಂದು ಆವರ್ತಕ್ಕೆ, ಅಂದರೆ ಒಂದು ಬಾರ್‌ಗೆ, ಎಷ್ಟು ಎಣಿಕೆ ಅಂತ ಹೇಳುತ್ತದೆ. ಕೆಳಗಿನದು ಆ ಎಣಿಕೆ ಯಾವ ಅಳತೆಯದು ಅಂತ. 4 ಅಂದರೆ ಕಾಲು ಸ್ವರ, 8 ಅಂದರೆ ಅದರ ಅರ್ಧ. ನಾವು ಕೇಳುವ ರಾಕ್, ಪಾಪ್ ಹಾಡುಗಳಲ್ಲಿ ಹೆಚ್ಚಿನವು 4/4. ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು. ಕಾಲು ತಾನಾಗಿ ಕುಣಿಯುತ್ತದೆ.

7/8 ಬಂದಾಗ ಏನಾಗುತ್ತದೆ? ಮೆಟ್ಟಿಲಿಳಿಯುವಾಗ ಇನ್ನೊಂದು ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟರೆ ಆಗಲೇ ನೆಲ ಸಿಕ್ಕಿಬಿಡುತ್ತದಲ್ಲ, ಹಾಗೆ. ಎಂಟನೇ ಎಣಿಕೆ ಬರುವ ಮೊದಲೇ ಹೊಸ ಬಾರ್ ಶುರುವಾಗಿರುತ್ತದೆ.

ಕರ್ನಾಟಕ ಸಂಗೀತದ ಸೊಲ್ಲುಕಟ್ಟು ಕಿವಿಗೆ ಬಿದ್ದವರಿಗೆ ಇದರಲ್ಲಿ ಅರ್ಧ ಕೆಲಸ ಮುಗಿದ ಹಾಗೆ. ತಕಿಟ ಅಂದರೆ ಮೂರು, ತಕಧಿಮಿ ಅಂದರೆ ನಾಲ್ಕು. ತಕಿಟ ತಕಧಿಮಿ ಅಂದರೆ ಏಳು, ನಮ್ಮ ಮಿಶ್ರ ಚಾಪು. ತಕ ತಕಿಟ ಅಂದರೆ ಐದು, ಖಂಡ ಚಾಪು. ಬೆರಳು ಮಡಚಿ ಏಳರವರೆಗೆ ಎಣಿಸುವುದಕ್ಕಿಂತ ಹೀಗೆ ಗುಂಪು ಮಾಡಿ ಬಾಯಲ್ಲಿ ಹೇಳಿಕೊಳ್ಳುವುದು ಎಷ್ಟೋ ಮೇಲು. ಇದು ನಮ್ಮಲ್ಲಷ್ಟೇ ಇರುವ ಉಪಾಯವೂ ಅಲ್ಲ. ಟೂಲ್ ಬ್ಯಾಂಡ್‌ನ ಡ್ರಮ್ಮರ್ ಡ್ಯಾನಿ ಕೇರಿ ತಬಲಾ ಕಲಿತವರು.

ಕೆಲವು ಉದಾಹರಣೆ ನೋಡೋಣ. ಜೆಥ್ರೊ ಟಲ್‌ನ 1969ರ 'ಲಿವಿಂಗ್ ಇನ್ ದ ಪಾಸ್ಟ್' 5/4ರಲ್ಲಿದೆ. ಪಿಂಕ್ ಫ್ಲಾಯ್ಡ್‌ನ 1973ರ 'ಮನಿ' 7/4ರ ಬೇಸ್ ಗಿಟಾರ್ ಸಾಲಿನ ಮೇಲೆ ನಿಂತಿದೆ. ಆದರೆ ಗಿಟಾರ್ ಸೋಲೋ ಬರುವಾಗ 4/4ಕ್ಕೆ ಜಾರುತ್ತದೆ, ಮುಗಿದ ಮೇಲೆ ಮತ್ತೆ ಏಳಕ್ಕೆ ಬರುತ್ತದೆ. ಟೂಲ್‌ನ 2001ರ 'ಸ್ಕಿಸಮ್'ನಲ್ಲಿ ಐದು ಮತ್ತು ಏಳು ಒಂದಾದ ಮೇಲೊಂದು ಬರುತ್ತವೆ. ಕೂಡಿದರೆ ಹನ್ನೆರಡೇ. ಆದರೆ ಹನ್ನೆರಡು ಅಂತ ಎಣಿಸುತ್ತಾ ಕೂತವರಿಗೆ ಆ ಹಾಡಿನ ನಡೆ ಸಿಗುವುದಿಲ್ಲ.

ಏಳನ್ನು ಎಣಿಸುವುದು ಎರಡು ದಿನದ ಕೆಲಸ. ಅದನ್ನು ಏಳು ಅಂತ ತೋರಗೊಡದೆ ನುಡಿಸುವುದು ನಿಜವಾದ ಕೆಲಸ. ಇದಕ್ಕೊಂದು ಸರಳ ಸಾಧನೆ ಇದೆ. ಕೈಯಲ್ಲಿ 7/8 ನುಡಿಸುತ್ತಾ ಎಡಗಾಲಿನಲ್ಲಿ ಹೈ-ಹ್ಯಾಟನ್ನು (ಪೆಡಲ್ ತುಳಿದು ಮುಚ್ಚುವ ಜೋಡಿ ಸಿಂಬಲ್) ಎರಡೆರಡು ಎಣಿಕೆಗೆ ಒಂದು ಸಲ ತುಳಿಯಿರಿ. ಮೊದಲ ಬಾರ್‌ನಲ್ಲಿ ಕಾಲು 1, 3, 5, 7ರ ಮೇಲೆ ಬೀಳುತ್ತದೆ. ಎರಡನೇ ಬಾರ್‌ನಲ್ಲಿ ತಾನಾಗಿ 2, 4, 6ಕ್ಕೆ ಹೋಗುತ್ತದೆ. ಮೂರನೆಯದಕ್ಕೆ ಮತ್ತೆ 1ಕ್ಕೆ ಬಂದು ಕೂರುತ್ತದೆ. ಮೇಲೆ ಬಾರ್ ಕುಂಟುತ್ತಿದ್ದರೂ ಕೆಳಗೆ ಕಾಲು ಸಮವಾಗಿ ನಡೆಯುತ್ತಲೇ ಇರುತ್ತದೆ. ಕೇಳುವವರಿಗೆ ಬೇಕಾದದ್ದು ಆ ಸಮ ನಡೆ. ಅದು ಸಿಕ್ಕಿತೋ, ಹಾಡು ಏಳರಲ್ಲಿದೆ ಅನ್ನುವುದು ಅವರ ಗಮನಕ್ಕೇ ಬರುವುದಿಲ್ಲ.

ಪೊರ್ಕುಪೈನ್ ಟ್ರೀಯ 2002ರ 'ದ ಸೌಂಡ್ ಆಫ್ ಮ್ಯೂಝ್ಯಾಕ್' ಕೇಳಿ ನೋಡಿ. ಬ್ಯಾಂಡ್‌ನ ಡ್ರಮ್ಮರ್ ಗ್ಯಾವಿನ್ ಹ್ಯಾರಿಸನ್ ಅದರ ಚರಣಗಳನ್ನು 7/4ರಲ್ಲಿ ನುಡಿಸುತ್ತಾರೆ. ಮೊದಲ ಸಲ ಕೇಳಿದಾಗ ಮಾಮೂಲಿ ರಾಕ್ ಹಾಡು ಅಂತಲೇ ಅನ್ನಿಸುತ್ತದೆ, ಅಲ್ವಾ?

ಕಷ್ಟ ಬೇರೆ ಕಡೆಯೂ ಇದೆ

ಟೈಮ್ ಸಿಗ್ನೇಚರ್ ಒಂದನ್ನೇ ನೋಡಿ ಹಾಡು ಆರಿಸಿದರೆ ಕಾರ್ಯಕ್ರಮ ಗಣಿತದ ಪರೀಕ್ಷೆ ಆಗಿಬಿಡುತ್ತದೆ. ಡ್ರೀಮ್ ಥಿಯೇಟರ್‌ನ 1999ರ 'ದ ಡ್ಯಾನ್ಸ್ ಆಫ್ ಇಟರ್ನಿಟಿ' ಆರು ನಿಮಿಷ ಚಿಲ್ಲರೆಯ ವಾದ್ಯಸಂಗೀತ. ಅಷ್ಟರಲ್ಲಿ ಟೈಮ್ ಸಿಗ್ನೇಚರ್ ನೂರಕ್ಕೂ ಹೆಚ್ಚು ಸಲ ಬದಲಾಗುತ್ತದೆ. ಡ್ರಮ್ಸ್ ವಿದ್ಯಾರ್ಥಿಗಳ ಕನಸಿನ ಪಟ್ಟಿಯಲ್ಲಿ ಇದು ಇದ್ದೇ ಇರುತ್ತದೆ. ಇದನ್ನು ತಪ್ಪಿಲ್ಲದೆ ಮುಗಿಸಿದರೆ ಜ್ಞಾಪಕಶಕ್ತಿ ಚೆನ್ನಾಗಿದೆ ಅಂತ ಸಾಬೀತಾಗುತ್ತದೆ. ಲಯದ ಹಿತ, ಸದ್ದಿನ ಏರಿಳಿತ, ಜತೆಯವರನ್ನು ಕೇಳಿಸಿಕೊಳ್ಳುವ ಕಿವಿ ತೋರಿಸಲು ಇದರಲ್ಲಿ ಜಾಗ ಕಡಿಮೆ. ನನ್ನ ಮಟ್ಟಿಗೆ ಇದು ವಿದ್ಯಾರ್ಥಿ ಕಾರ್ಯಕ್ರಮಕ್ಕಿಂತ ಅಭ್ಯಾಸದ ಕೋಣೆಗೆ ಹೇಳಿ ಮಾಡಿಸಿದ್ದು.

ಇನ್ನೊಂದು ಕಷ್ಟ ದಮ್ಮಿನದು. ರಷ್‌ನ 'ಟಾಮ್ ಸಾಯರ್' 1981ರದು, ನಾಲ್ಕೂವರೆ ನಿಮಿಷದ್ದು, ಬಹುಪಾಲು 4/4. ಸುಲಭ ಅನ್ನಿಸುತ್ತದೆ. ಆದರೆ ಅದರ ಹೈ-ಹ್ಯಾಟನ್ನು ಪಿಯರ್ಟ್ ಒಂದೇ ಕೈಯಲ್ಲಿ, ಬೀಟ್‌ಗೆ ನಾಲ್ಕು ಪೆಟ್ಟಿನಂತೆ ನುಡಿಸುತ್ತಾರೆ. ವೇಗ ನಿಮಿಷಕ್ಕೆ ಸುಮಾರು 88 ಬೀಟ್. ಲೆಕ್ಕ ಹಾಕಿ: ಒಂದೇ ಕೈಗೆ ನಿಮಿಷಕ್ಕೆ ಸುಮಾರು 350 ಪೆಟ್ಟು. ಎರಡನೇ ನಿಮಿಷಕ್ಕೆ ಮುಂಗೈ ಬಿಗಿಯತೊಡಗುತ್ತದೆ. ಬಿಗಿದ ಕೈ ವೇಗವನ್ನು ಎಳೆಯುತ್ತದೆ, ಇಡೀ ಬ್ಯಾಂಡ್ ನಿಧಾನವಾಗುತ್ತದೆ.

ನೆನಪಿನ ಕಷ್ಟವೂ ಇದೆ. ರಷ್‌ನದೇ 1978ರ 'ಲಾ ವಿಲ್ಲಾ ಸ್ಟ್ರಾಂಜಿಯಾಟೊ' ಒಂಬತ್ತೂವರೆ ನಿಮಿಷ, ಹನ್ನೆರಡು ಭಾಗ. ಅದನ್ನು ಒಂದೇ ಉಸಿರಿಗೆ ನುಡಿಸಿ ರೆಕಾರ್ಡ್ ಮಾಡಬೇಕು ಅಂತ ಹೊರಟ ಬ್ಯಾಂಡ್ ಕೊನೆಗೆ ಭಾಗ ಭಾಗವಾಗಿ ನುಡಿಸಿ ಜೋಡಿಸಬೇಕಾಯಿತು. ವಿದ್ಯಾರ್ಥಿಗೆ ವೇದಿಕೆಯಲ್ಲಿ ಆ ಸೌಲಭ್ಯ ಇಲ್ಲ.

ಒಬ್ಬರು ಒಂದು ಅಳತೆಯಲ್ಲಿ, ಇನ್ನೊಬ್ಬರು ಮತ್ತೊಂದರಲ್ಲಿ ನುಡಿಸುವ ಹಾಡುಗಳೂ ಇವೆ. ಗಿಟಾರ್ ಏಳರಲ್ಲಿ, ಡ್ರಮ್ಸ್ ನಾಲ್ಕರಲ್ಲಿ ಓಡುತ್ತವೆ ಅಂದುಕೊಳ್ಳಿ. ಇಬ್ಬರ 'ಒಂದು' ಮತ್ತೆ ಒಟ್ಟಿಗೆ ಬೀಳುವುದು 28 ಎಣಿಕೆ ಕಳೆದ ಮೇಲೆ. ಇದಕ್ಕೆ ಪಾಲಿಮೀಟರ್ ಅನ್ನುತ್ತಾರೆ. ಕಲ್ಪನಾಸ್ವರ ಎಲ್ಲೆಲ್ಲೋ ಸುತ್ತಿ ಬಂದು ಸಮಕ್ಕೆ ಕೂಡುವಾಗ ಆಗುವ ಖುಷಿಯೇ ಇಲ್ಲೂ.

ಎಲ್ಲಕ್ಕಿಂತ ಕಮ್ಮಿ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮೌನದ ಕಷ್ಟವನ್ನು. ಕಿಂಗ್ ಕ್ರಿಮ್ಸನ್‌ನ 1969ರ '21ಸ್ಟ್ ಸೆಂಚುರಿ ಸ್ಕಿಜಾಯ್ಡ್ ಮ್ಯಾನ್'ನ ನಡುವೆ ಇಡೀ ಬ್ಯಾಂಡ್ ಒಂದೇ ಸಾಲನ್ನು ಒಟ್ಟಿಗೆ ನುಡಿಸುತ್ತದೆ, ತಟ್ಟನೆ ನಿಲ್ಲುತ್ತದೆ, ಮತ್ತೆ ಒಟ್ಟಿಗೆ ಬೀಳುತ್ತದೆ. ಆ ಖಾಲಿ ಜಾಗದಲ್ಲಿ ಒಬ್ಬರ ಕೋಲು ಟಿಕ್ ಅಂದರೂ ಕೆಟ್ಟಿತು.

ಇದೇ ಬ್ಯಾಂಡ್‌ನ ಇನ್ನೊಂದು ಸಂಗತಿ ಹೇಳಬೇಕು. 1973ರಲ್ಲಿ ಆಮ್‌ಸ್ಟರ್‌ಡಾಮ್‌ನ ಕಛೇರಿಯೊಂದರಲ್ಲಿ ಉಳಿದವರು ಮೆಲುದನಿಯಲ್ಲಿ ಮನೋಧರ್ಮದಿಂದ ನುಡಿಸುತ್ತಾ ಹೋದರು. ಡ್ರಮ್ಮರ್ ಬಿಲ್ ಬ್ರೂಫೋರ್ಡ್ ಒಂದೇ ಒಂದು ಪೆಟ್ಟೂ ಹಾಕದೆ ಸುಮ್ನೆ ಕೂತರು. ಮರುವರ್ಷದ ಆಲ್ಬಂನಲ್ಲಿ ಆ ತುಣುಕು 'ಟ್ರಿಯೊ' ಅನ್ನುವ ಹೆಸರಿನಲ್ಲಿ ಬಂತು. ಅದನ್ನು ರಚಿಸಿದವರ ಪಟ್ಟಿಯಲ್ಲಿ ಬ್ರೂಫೋರ್ಡ್ ಹೆಸರೂ ಇದೆ. ಅಲ್ಲಿ ಡ್ರಮ್ಸ್ ಬೇಡ ಅಂತ ಅವರಿಗೆ ಹೊಳೆದದ್ದೇ ಅವರ ಪಾಲಿನ ರಚನೆ ಅಂತ ಬ್ಯಾಂಡ್ ಒಪ್ಪಿಕೊಂಡಿತು.

ಹತ್ತಿರದಿಂದ ಒಂದು ಹಾಡು: 'ವೈವೈಝೀ'

1981ರ ಈ ರಷ್ ತುಣುಕಿನಲ್ಲಿ ಹಾಡುಗಾರಿಕೆ ಇಲ್ಲ. ಉದ್ದ ನಾಲ್ಕೂವರೆ ನಿಮಿಷದ ಒಳಗೆ. ಹೆಸರು ಟೊರಾಂಟೊ ವಿಮಾನ ನಿಲ್ದಾಣದ ಸಂಕೇತಾಕ್ಷರ, YYZ. ಪೈಲಟ್‌ಗಳಿಗೆ ಆ ಸಂಕೇತ ರೇಡಿಯೊದಲ್ಲಿ ಮೋರ್ಸ್ ಕೋಡ್ ಆಗಿ, ಅಂದರೆ ಅಕ್ಷರಕ್ಕೆ ಇಂತಿಷ್ಟು ಉದ್ದ-ಗಿಡ್ಡ ಸದ್ದುಗಳಾಗಿ, ಕೇಳಿಸುತ್ತದೆ. ಆ ಮೋರ್ಸ್ ಕೋಡೇ ತುಣುಕಿನ ಆರಂಭದ ತಾಳ.

ಮೋರ್ಸ್‌ನಲ್ಲಿ ವೈ ಅಂದರೆ ಉದ್ದ, ಗಿಡ್ಡ, ಉದ್ದ, ಉದ್ದ. ಝೀ ಅಂದರೆ ಉದ್ದ, ಉದ್ದ, ಗಿಡ್ಡ, ಗಿಡ್ಡ. ಉದ್ದಕ್ಕೆ ಎರಡು ಎಣಿಕೆ, ಗಿಡ್ಡಕ್ಕೆ ಒಂದು ಅಂತ ಇಟ್ಟುಕೊಳ್ಳಿ. ಒಂದು ವೈ 7, ಇನ್ನೊಂದು ವೈ 7, ಝೀ 6. ಒಟ್ಟು 20. ಬೀಟ್‌ಗೆ ನಾಲ್ಕು ಎಣಿಕೆಯಂತೆ ಹಂಚಿದರೆ ಸರಿಯಾಗಿ ಐದು ಬೀಟ್, ಅಂದರೆ 5/4. ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ನೋಡಿ. ಡ್ರಮ್ಸ್ ಗೊತ್ತಿಲ್ಲದವರಿಗೂ ಕೆಲವು ಸುತ್ತಿನಲ್ಲಿ ಬಂದುಬಿಡುತ್ತದೆ.

ವಿದ್ಯಾರ್ಥಿಗೆ ಇದು ಚೆನ್ನಾಗಿ ಒಗ್ಗಲು ಕಾರಣಗಳಿವೆ. ಚಿಕ್ಕದು. ಮೂರೇ ಜನ ಸಾಕು. ಶುರುವಿನಲ್ಲಿ ಬೆಸ ತಾಳ, ಆಮೇಲೆ ಸಲೀಸಾದ ಓಟ. ನಡುವೆ ಬೇಸ್ ಮತ್ತು ಡ್ರಮ್ಸ್ ಒಂದಾದ ಮೇಲೊಂದರಂತೆ ಸವಾಲು-ಜವಾಬು ಆಡುವ ಜಾಗ. ಅದು ಮುಗಿದ ಮೇಲೆ ಎಲ್ಲ ತಗ್ಗಿ, ವಿಶಾಲವಾಗಿ ಹರಡುವ ನಿಧಾನದ ಭಾಗ. ಇಷ್ಟು ಮುಖಗಳನ್ನು ಇಷ್ಟು ಚಿಕ್ಕ ಜಾಗದಲ್ಲಿ ತೋರಿಸುವ ತುಣುಕು ಸಿಗುವುದು ಅಪರೂಪ.

ಅರ್ಧ ಗಂಟೆಯ ಲೆಕ್ಕ

ಮೊದಲು ಗಡಿಯಾರ. ಜೆನೆಸಿಸ್‌ನ 'ಸಪ್ಪರ್ಸ್ ರೆಡಿ' ಹೆಚ್ಚುಕಮ್ಮಿ 23 ನಿಮಿಷ. ಯೆಸ್‌ನ 'ಕ್ಲೋಸ್ ಟು ದ ಎಡ್ಜ್' 19ರ ಹತ್ತಿರ. ಎರಡೂ 1972ರವು. ಜೆಥ್ರೊ ಟಲ್ ಅದೇ ವರ್ಷ ಒಂದು ಇಡೀ ಆಲ್ಬಮ್ಮನ್ನೇ ಒಂದು ಹಾಡು ಮಾಡಿಬಿಟ್ಟಿತು. ಇವುಗಳಲ್ಲಿ ಒಂದನ್ನು ಹಿಡಿದರೆ ಉಳಿದದ್ದಕ್ಕೆ ಜಾಗವೇ ಇಲ್ಲ. ಒಂದು ಭಾಗ ಮಾತ್ರ ನುಡಿಸಬಹುದೇ ಅಂತ ಮೊದಲೇ ಮೇಷ್ಟ್ರನ್ನೋ ಪರೀಕ್ಷಕರನ್ನೋ ಕೇಳಿಕೊಳ್ಳಬೇಕು.

ಹಾಡಿನ ಉದ್ದವೇ ಡ್ರಮ್ಮರ್ ನುಡಿಸುವ ಉದ್ದ ಅಂತಲೂ ಅಲ್ಲ. ಜೆನೆಸಿಸ್‌ನ 1973ರ 'ಫರ್ತ್ ಆಫ್ ಫಿಫ್ತ್' ಒಂಬತ್ತೂವರೆ ನಿಮಿಷ. ಆದರೆ ಮೊದಲ ಒಂದು ನಿಮಿಷಕ್ಕೂ ಜಾಸ್ತಿ ಪಿಯಾನೊ ಒಂದೇ ಇರುತ್ತದೆ. ಅಷ್ಟು ಹೊತ್ತು ಡ್ರಮ್ಮರ್ ಕೈಕಟ್ಟಿ ಕೂತಿರಬೇಕು. ಅದೇ ಪಿಯಾನೊ ಸಾಲು ಮುಂದೆ ಸಿಂಥಸೈಝರ್‌ನಲ್ಲಿ ಮರಳುವಾಗ ಡ್ರಮ್ಮರ್ ಫಿಲ್ ಕಾಲಿನ್ಸ್ ಅದರ ಪ್ರತಿ ತಿರುವಿಗೂ ಡ್ರಮ್ಸ್ ಹೊಂದಿಸುತ್ತಾರೆ. ಹಾಗಾಗಿ ಶುರುವಿನಲ್ಲಿ ಸುಮ್ಮನೆ ಕೂತ ಹೊತ್ತೂ ವ್ಯರ್ಥವಲ್ಲ, ಸಾಲನ್ನು ಮನಸ್ಸಿನಲ್ಲೇ ನುಡಿಸಿಕೊಳ್ಳುವ ಹೊತ್ತು.

ಒಂದು ಮಾದರಿ ಪಟ್ಟಿ ಕಟ್ಟೋಣ. 'ಲಿವಿಂಗ್ ಇನ್ ದ ಪಾಸ್ಟ್' ಸುಮಾರು ಮೂರೂವರೆ ನಿಮಿಷ. 'ದ ಸೌಂಡ್ ಆಫ್ ಮ್ಯೂಝ್ಯಾಕ್' ಐದು. ಕಿಂಗ್ ಕ್ರಿಮ್ಸನ್‌ನ 1974ರ 'ಸ್ಟಾರ್‌ಲೆಸ್' ಹನ್ನೆರಡು ಚಿಲ್ಲರೆ. 'ವೈವೈಝೀ' ನಾಲ್ಕೂವರೆ. ಒಟ್ಟು 25ರ ಆಸುಪಾಸು. ನಡುವೆ ಶ್ರುತಿ ಸರಿಮಾಡುವುದು, ಎರಡು ಮಾತಾಡುವುದು ಸೇರಿದರೆ ಅರ್ಧ ಗಂಟೆ.

ಇವೇ ನಾಲ್ಕು ಯಾಕೆ? ಮೊದಲನೆಯದು ಹಗುರ, ಕೈ ಬಿಸಿಯಾಗಲು ಸಮಯ ಕೊಡುತ್ತದೆ. ತಣ್ಣಗಿನ ಕೈಯಲ್ಲಿ ದೊಡ್ಡ ಫಿಲ್‌ಗಳ ಹಾಡು ಶುರುಮಾಡುವುದು ಸುಮ್ನೆ ಅಪಾಯ ಮೈಮೇಲೆ ಎಳೆದುಕೊಂಡ ಹಾಗೆ. ಎರಡನೆಯದರಲ್ಲಿ ಹೈ-ಹ್ಯಾಟ್ ಮತ್ತು ಸ್ನೇರ್‌ನ (ಚುರುಕು ಸದ್ದಿನ ಚಪ್ಪಟೆ ಡ್ರಮ್) ಸಣ್ಣ ಕುಸುರಿ. ಮೂರನೆಯದು 'ಸ್ಟಾರ್‌ಲೆಸ್'. ಅದರ ನಡುವಿನ ಭಾಗ ಹದಿಮೂರರ ಎಣಿಕೆಯಲ್ಲಿದೆ. ಗಿಟಾರ್ ಒಂದೇ ಸ್ವರವನ್ನು ಮತ್ತೆ ಮತ್ತೆ ಮೀಟುತ್ತದೆ, ಡ್ರಮ್ಮರ್ ಚಿಕ್ಕ ಚಿಕ್ಕ ಸದ್ದುಗಳಿಂದ ಶುರುಮಾಡಿ ನಿಮಿಷಗಟ್ಟಲೆ ಒತ್ತಡ ಏರಿಸುತ್ತಾ ಹೋಗಬೇಕು. ಬೇಗ ಏರಿಸಿದರೆ ಮುಂದೆ ಹೋಗಲು ಜಾಗ ಉಳಿಯುವುದಿಲ್ಲ. ಡ್ರಮ್ಮರ್‌ನ ತಾಳ್ಮೆ ಇದರಲ್ಲಿ ತಿಳಿದಷ್ಟು ಬೇರೆಲ್ಲೂ ತಿಳಿಯುವುದಿಲ್ಲ. ಕೊನೆಗೆ 'ವೈವೈಝೀ', ಚುರುಕಾಗಿ.

ಇದೇ ಪಟ್ಟಿ ಹಿಡಿಯಬೇಕು ಅಂತೇನಿಲ್ಲ. ಕೊಳಲು ನುಡಿಸುವವರು ಸಿಗದಿದ್ದರೆ ಮೊದಲನೆಯದನ್ನು ಬಿಟ್ಟು 'ಮನಿ' ತೆಗೆದುಕೊಳ್ಳಬಹುದು. ಅದಕ್ಕೆ ಸ್ಯಾಕ್ಸೊಫೋನ್ ಬೇಕು, 'ಸ್ಟಾರ್‌ಲೆಸ್'ಗೂ ಅದು ಬೇಕು. ಒಬ್ಬ ಕಲಾವಿದರಿಂದ ಎರಡು ಹಾಡು ಆದ ಹಾಗೆ ಆಯಿತು. ನೋಡಬೇಕಾದದ್ದು ಇಷ್ಟು: ಪಕ್ಕಪಕ್ಕದ ಎರಡು ಹಾಡು ಒಂದೇ ಬಗೆಯ ಕೌಶಲ ತೋರಿಸುತ್ತಿದ್ದರೆ ಒಂದನ್ನು ತೆಗೆಯಿರಿ.

ಜತೆಗಾರರು, ಟ್ರ್ಯಾಕ್, ಕಿಟ್

ಬ್ಯಾಂಡ್ ಸಿಗದವರು ಡ್ರಮ್ಸ್ ಇಲ್ಲದ ಬ್ಯಾಕಿಂಗ್ ಟ್ರ್ಯಾಕ್ ಹಾಕಿಕೊಂಡು ನುಡಿಸುತ್ತಾರೆ. ಇಲ್ಲೊಂದು ಗುಂಡಿ ಇದೆ. 1970ರ ದಶಕದ ರೆಕಾರ್ಡಿಂಗ್‌ಗಳಲ್ಲಿ ಹೆಚ್ಚಿನವು ಮೆಟ್ರೊನೋಮ್‌ನ ಟಿಕ್ ಟಿಕ್, ಅಂದರೆ ಕ್ಲಿಕ್, ಕೇಳಿಕೊಂಡು ನುಡಿಸಿದವಲ್ಲ. ವೇಗ ಅಲ್ಲಲ್ಲಿ ಏರುತ್ತದೆ, ಅಲ್ಲಲ್ಲಿ ಇಳಿಯುತ್ತದೆ. ಮೂಲ ಹಾಡಿನ ಜತೆ ಅಭ್ಯಾಸ ಮಾಡಿ, ಒಂದೇ ವೇಗದ ಕ್ಲಿಕ್‌ಗೆ ಮಾಡಿದ ಟ್ರ್ಯಾಕ್ ಜತೆ ವೇದಿಕೆ ಹತ್ತಿದರೆ ಕೈ ಒಂದು ಕಡೆ, ಟ್ರ್ಯಾಕ್ ಒಂದು ಕಡೆ. ಕಾರ್ಯಕ್ರಮದಲ್ಲಿ ಯಾವ ಟ್ರ್ಯಾಕೋ ಅದರಲ್ಲೇ ಅಭ್ಯಾಸ ನಡೆಯಬೇಕು. ಜೀವಂತ ಬ್ಯಾಂಡ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಕೀಬೋರ್ಡ್‌ನವರಿಗೂ ಹದಿಮೂರು ಎಣಿಸಲು ಬರಬೇಕು. ಡ್ರಮ್ಮರ್ ಒಬ್ಬರೇ ತಯಾರಾದರೆ ಪ್ರಯೋಜನ ಇಲ್ಲ.

ಕಿಟ್ ವಿಷಯ. ಪಿಯರ್ಟ್ ಬಳಸುತ್ತಿದ್ದದ್ದು ಎರಡು ಬೇಸ್ ಡ್ರಮ್, ಸಾಲುಗಟ್ಟಲೆ ಟಾಮ್ ಇದ್ದ ದೊಡ್ಡ ಕಿಟ್. ಸಭಾಂಗಣದಲ್ಲಿ ಸಾಮಾನ್ಯವಾಗಿ ಇರುವುದು ಐದು ಡ್ರಮ್‌ನ ಕಿಟ್. ಏಳು ಟಾಮ್ ಮೇಲೆ ಇಳಿಯುವ ಫಿಲ್ಲನ್ನು ಮೂರು ಟಾಮ್‌ಗೆ ಹೊಂದಿಸಬೇಕಾಗುತ್ತದೆ. ಪೆಟ್ಟುಗಳ ಸಂಖ್ಯೆ ಮತ್ತು ಮೇಲಿನಿಂದ ಕೆಳಗೆ ಇಳಿಯುವ ಆಕಾರ ಉಳಿದರೆ ಸಾಕು. 'ವೈವೈಝೀ' ಶುರುವಿನ ಮೋರ್ಸ್ ಸದ್ದು ಕ್ರೋಟೇಲ್ ಅನ್ನುವ ಚಿಕ್ಕ ಕಂಚಿನ ತಟ್ಟೆಗಳದ್ದು. ಅವು ಇಲ್ಲದಿದ್ದರೆ ರೈಡ್ ಸಿಂಬಲ್‌ನ ಗುಬುಟಿನ ಮೇಲೆ ನುಡಿಸಬಹುದು.

ವೇದಿಕೆಯ ಮೇಲೆ ಎಣಿಕೆ ತಪ್ಪಿದರೆ

ತಪ್ಪುತ್ತದೆ. ತಪ್ಪಿದಾಗ ಏನು ಮಾಡಬೇಕು ಅನ್ನುವುದನ್ನೂ ಅಭ್ಯಾಸ ಮಾಡಿಕೊಂಡೇ ಹೋಗಬೇಕು. ಮೊದಲು ಸ್ನೇರ್ ಮತ್ತು ಕಿಕ್ (ಕಾಲಿನಿಂದ ಬಾರಿಸುವ ಬೇಸ್ ಡ್ರಮ್) ನಿಲ್ಲಿಸಿ. ತಪ್ಪು ಜಾಗದಲ್ಲಿ ಬೀಳುವ ಸ್ನೇರ್ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಹೈ-ಹ್ಯಾಟ್ ಅಥವಾ ರೈಡ್ ಮೇಲೆ ಸಮ ನಡೆಯನ್ನು ಮಾತ್ರ ಉಳಿಸಿಕೊಳ್ಳಿ. ಬೇಕೆಂದೇ ಹಾಗೆ ತಗ್ಗಿಸಿದ್ದು ಅಂತ ಕೇಳುವವರಿಗೆ ಅನ್ನಿಸುತ್ತದೆ. ಕಿವಿಯನ್ನು ಬೇಸ್ ಗಿಟಾರ್ ಮೇಲಿಡಿ. 'ಮನಿ'ಯಂಥ ಹಾಡಿನಲ್ಲಿ ಆ ಸಾಲು ಏಳು ಎಣಿಕೆಗೊಮ್ಮೆ ಮರಳಿ ಬಂದೇ ಬರುತ್ತದೆ. ಅದರ ಮೊದಲ ಸ್ವರ ಬಿದ್ದಾಗ ಕಿಕ್ ಮತ್ತು ಕ್ರ್ಯಾಶ್ ಸಿಂಬಲ್ ಒಟ್ಟಿಗೆ ಹೊಡೆದು ಒಳಗೆ ಬನ್ನಿ. 'ವೈವೈಝೀ'ಯಲ್ಲಿ ಮೋರ್ಸ್‌ನ ಝೀಯನ್ನು ಕಾಯಿರಿ. ಕೊನೆಯ ಎರಡು ಗಿಡ್ಡ ಪೆಟ್ಟು ಮುಗಿದ ಮರುಕ್ಷಣವೇ ಹೊಸ ಬಾರ್. ಬೇಸ್ ನುಡಿಸುವವರ ಹತ್ತಿರ ಮೊದಲೇ ಮಾತಾಡಿಕೊಂಡಿರಿ: ಡ್ರಮ್ಸ್ ತೆಳುವಾಯಿತು ಅನ್ನಿಸಿದರೆ ಅವರು 'ಒಂದು' ಬಂದಾಗ ಕಣ್ಣೆತ್ತಿ ತಲೆ ಆಡಿಸಲಿ.